ಚಾರ್ಜಿಂಗ್ ಪಾಯಿಂಟ್‌ಗೆ ಕೇಬಲ್ ಚುಚ್ಚಿದ ಕೂಡಲೇ ಫೋನ್ ಹ್ಯಾಕ್ ಆಗುತ್ತದೆಯೇ? ಸಾಧನಗಳನ್ನು ಸಿಸ್ಟಮ್ ಸೇರಿಸಿಕೊಳ್ಳುವ ಬಗೆ ತಿಳಿಯೋಣ

ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ಚಾರ್ಜಿಂಗ್ ಪಾಯಿಂಟ್‌ನಲ್ಲಿ ಫೋನ್ ಹಾಕಲೇಬೇಡಿ, ಕೇಬಲ್ ಚುಚ್ಚಿದ ಕ್ಷಣದಲ್ಲೇ ಫೋಟೋ, ಪಾಸ್‌ವರ್ಡ್, ಬ್ಯಾಂಕಿನ ಹಣ ಎಲ್ಲವೂ ಕಳ್ಳರ ಪಾಲಾಗುತ್ತದೆ, ಈ ಸಂದೇಶವನ್ನು ಹತ್ತು ಜನರಿಗೆ ಕಳಿಸಿ. ಇಂಥದ್ದೊಂದು ಫಾರ್ವರ್ಡ್ ನಮ್ಮಲ್ಲಿ ಹಲವರ ಫೋನಿಗೆ ಒಮ್ಮೆಯಾದರೂ ಬಂದಿರುತ್ತದೆ. ಇದು ಪೂರ್ತಿ ಸುಳ್ಳೇ? ಅಲ್ಲ. ಪೂರ್ತಿ ನಿಜವೇ? ಅದೂ ಅಲ್ಲ.

ಯಾವ ಭಾಗ ನಿಜ, ಯಾವುದು ಉತ್ಪ್ರೇಕ್ಷೆ ಎಂದು ತಿಳಿಯಬೇಕಾದರೆ ಒಂದು ಪ್ರಶ್ನೆಗೆ ಉತ್ತರ ಬೇಕು. ಕೇಬಲ್ ಚುಚ್ಚಿದಾಗ ಒಳಗೆ ನಡೆಯುವುದಾದರೂ ಏನು? ಹೊಸದಾಗಿ ಬಂದ ಸಾಧನ ಯಾವುದು, ಅದನ್ನು ಒಳಗೆ ಬಿಟ್ಟುಕೊಳ್ಳಬೇಕೇ ಎಂದು ಆಪರೇಟಿಂಗ್ ಸಿಸ್ಟಮ್ ಹೇಗೆ ನಿರ್ಧರಿಸುತ್ತದೆ? ಈ ಲೇಖನದಲ್ಲಿ ಅದನ್ನೇ ನೋಡೋಣ. ಉತ್ತರ ತಿಳಿದರೆ ಇಂಥ ಇನ್ನೂ ನಾಲ್ಕು ಫಾರ್ವರ್ಡ್‌ಗಳನ್ನು ನಾವೇ ಅಳೆದು ನೋಡಬಹುದು.

ಸಂದೇಶ ಹುಟ್ಟಿದ್ದು ಎಲ್ಲಿ?

2011ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಕೆಲವು ಸಂಶೋಧಕರು ಉಚಿತ ಚಾರ್ಜಿಂಗ್ ಕಿಯಾಸ್ಕ್ ಒಂದನ್ನು ಇಟ್ಟರು. ಫೋನ್ ಚುಚ್ಚಿದವರಿಗೆ ಅದರ ಪರದೆಯ ಮೇಲೆ ಎಚ್ಚರಿಕೆ ಕಾಣಿಸುತ್ತಿತ್ತು. ಯಾರ ಮಾಹಿತಿಯನ್ನೂ ಅದು ಕದಿಯಲಿಲ್ಲ, ಕದಿಯಬಹುದಿತ್ತು ಎಂದು ತೋರಿಸಿತು ಅಷ್ಟೇ. ಈ ಸಾಧ್ಯತೆಗೆ 'ಜ್ಯೂಸ್ ಜಾಕಿಂಗ್' ಎಂಬ ಹೆಸರು ಬಿತ್ತು. 2022ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಹೊರತಂದ ಜಾಗೃತಿ ಕೈಪಿಡಿಯಲ್ಲೂ ಈ ಹೆಸರಿದೆ. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇದೇ ಎಚ್ಚರಿಕೆಯನ್ನು ಟ್ವೀಟ್ ಮಾಡಿದ ಮೇಲೆ ಸಂದೇಶ ಜಗತ್ತಿನಾದ್ಯಂತ ಹರಿದಾಡಿತು. ಆದರೆ ಹೀಗೆ ಯಾರಾದರೂ ಮೋಸಹೋದ ದೃಢಪಟ್ಟ ಪ್ರಕರಣ ತನಗೆ ತಿಳಿದಿಲ್ಲ ಎಂದು ಅಮೆರಿಕದ ಸಂವಹನ ಆಯೋಗವೇ ಹೇಳಿದೆ.

ಅಂದರೆ ಎಚ್ಚರಿಕೆ ಸುಮಾರು 15 ವರ್ಷ ಹಳೆಯದು. ಈ ನಡುವೆ ಫೋನ್‌ಗಳು ಸುಮ್ಮನೆ ಕೂತಿಲ್ಲ.

ಬಸ್ ಎಂದರೆ ಏನು?

ಯುಎಸ್‌ಬಿ ಎಂಬ ಹೆಸರಿನ ಕೊನೆಯ ಅಕ್ಷರ 'ಬಿ' ಅಂದರೆ ಬಸ್. ನಾವು ಹತ್ತಿಳಿಯುವ ಬಸ್ಸಿಗೂ ಇದಕ್ಕೂ ಹೆಸರಿನ ನಂಟು ನಿಜಕ್ಕೂ ಇದೆ. ಎರಡೂ 'ಎಲ್ಲರಿಗಾಗಿ' ಎಂಬ ಅರ್ಥದ ಲ್ಯಾಟಿನ್ ಪದ 'ಓಮ್ನಿಬಸ್'ನಿಂದ ಬಂದವು. ಒಬ್ಬೊಬ್ಬ ಪ್ರಯಾಣಿಕನಿಗೂ ಒಂದೊಂದು ಕಾರು ಕಳಿಸುವ ಬದಲು ಎಲ್ಲರನ್ನೂ ಒಂದೇ ಗಾಡಿಯಲ್ಲಿ ಕರೆದೊಯ್ಯುವ ಹಾಗೆ, ಒಂದೊಂದು ಸಾಧನಕ್ಕೂ ಬೇರೆ ಬೇರೆ ತಂತಿ ಎಳೆಯುವ ಬದಲು ಹಲವು ಸಾಧನಗಳು ಹಂಚಿಕೊಳ್ಳುವ ದಾರಿಯೇ ಬಸ್.

ಕಂಪ್ಯೂಟರ್ ಮತ್ತು ಫೋನ್‌ಗಳ ಒಳಗೆ ಇಂಥ ಹಲವು ಬಸ್‌ಗಳಿವೆ. ಗ್ರಾಫಿಕ್ಸ್ ಕಾರ್ಡ್, ವೇಗದ ಎಸ್‌ಎಸ್‌ಡಿ ಮುಂತಾದವು ಪಿಸಿಐ ವಂಶದ ಬಸ್‌ನಲ್ಲಿರುತ್ತವೆ. ಮೌಸ್, ಪೆನ್‌ಡ್ರೈವ್, ವೆಬ್‌ಕ್ಯಾಮ್ ಯುಎಸ್‌ಬಿಯಲ್ಲಿ. ಫೋನಿನ ಟಚ್‌ಸ್ಕ್ರೀನ್, ಬೆಳಕಿನ ಸೆನ್ಸರ್, ದಿಕ್ಸೂಚಿಯಂಥ ಚಿಕ್ಕ ಭಾಗಗಳು ಹೆಚ್ಚಾಗಿ ಐ2ಸಿ ಎಂಬ ಬಸ್‌ನಲ್ಲಿ. ಇದನ್ನು 1982ರಲ್ಲಿ ಫಿಲಿಪ್ಸ್ ಕಂಪನಿ ರೂಪಿಸಿತು.

ಪ್ರತಿ ಸಾಧನಕ್ಕೂ ಅದರ ಭಾಷೆ ಬಲ್ಲ ಒಂದು ತಂತ್ರಾಂಶ ಬೇಕು. ಅದೇ ಡ್ರೈವರ್. ಯಾವ ಸಾಧನಕ್ಕೆ ಯಾವ ಡ್ರೈವರ್ ಎಂದು ಜೋಡಿ ಮಾಡುವ ಕೆಲಸ ಆಪರೇಟಿಂಗ್ ಸಿಸ್ಟಮ್‌ನದು.

ಒಂದು ಕಾಲದಲ್ಲಿ ಎಲ್ಲವನ್ನೂ ನಾವೇ ಹೇಳಿಕೊಡಬೇಕಿತ್ತು

1980ರ ದಶಕದ ಪಿಸಿಗಳಲ್ಲಿ ಒಂದು ಸೌಂಡ್ ಕಾರ್ಡ್ ಸೇರಿಸುವುದೆಂದರೆ ಸಣ್ಣ ಸಾಹಸ. ಕಾರ್ಡ್ ಮೇಲಿನ ಪುಟ್ಟ ಜಂಪರ್‌ಗಳನ್ನು ಕೈಯಿಂದ ಬದಲಿಸಿ, ಅದು ಯಾವ ವಿಳಾಸದಲ್ಲಿ ಮಾತನಾಡಬೇಕು, ಪ್ರೊಸೆಸರ್‌ನ ಗಮನ ಸೆಳೆಯಲು ಯಾವ ತಂತಿ ಬಳಸಬೇಕು ಎಂದು ಗೊತ್ತುಮಾಡಬೇಕಿತ್ತು. ಅದನ್ನೇ ತಂತ್ರಾಂಶಕ್ಕೂ ಹೇಳಬೇಕಿತ್ತು. ಎರಡು ಕಾರ್ಡ್‌ಗಳು ಒಂದೇ ವಿಳಾಸ ಹಿಡಿದರೆ ಎರಡೂ ಕೈಕೊಡುತ್ತಿದ್ದವು.

1992ರಲ್ಲಿ ಇಂಟೆಲ್ ರೂಪಿಸಿದ ಪಿಸಿಐ ಬಸ್ ಈ ಕಷ್ಟವನ್ನು ತಗ್ಗಿಸಿತು. ಪಿಸಿಐ ಕಾರ್ಡ್‌ಗಳು ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುತ್ತವೆ. 1996ರ ಜನವರಿಯಲ್ಲಿ ಬಂದ ಯುಎಸ್‌ಬಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಂಪ್ಯೂಟರ್ ಚಾಲನೆಯಲ್ಲಿರುವಾಗಲೇ ಸಾಧನವನ್ನು ಚುಚ್ಚುವುದನ್ನೂ ತೆಗೆಯುವುದನ್ನೂ ದಿನನಿತ್ಯದ ಮಾತಾಗಿಸಿತು. ಅದನ್ನು ರೂಪಿಸಿದ ತಂಡದ ಪ್ರಮುಖರಲ್ಲಿ ವಡೋದರದಲ್ಲಿ ಓದಿದ ಅಜಯ್ ಭಟ್ ಒಬ್ಬರು.

ಶುರುವಿನಲ್ಲಿ ಎಲ್ಲವೂ ಸಲೀಸಾಗಿರಲಿಲ್ಲ. 1998ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗಲೇ, ವಿಂಡೋಸ್ 98 ಪ್ರದರ್ಶನದಲ್ಲಿ ಯುಎಸ್‌ಬಿ ಸ್ಕ್ಯಾನರ್ ಚುಚ್ಚುತ್ತಿದ್ದಂತೆ ಕಂಪ್ಯೂಟರ್ ಕುಸಿದು ನೀಲಿ ಪರದೆ ಕಾಣಿಸಿತು. ಆ ವಿಡಿಯೋ ಈಗಲೂ ಹಂಚಿಕೆಯಾಗುತ್ತದೆ, ಮತ್ತು ಅದು ನಕಲಿಯಲ್ಲ.

ಮೊದಲು ಸಾಲಾವಳಿ, ಆಮೇಲೆ ಲಗ್ನ

ಈಗ ಮುಖ್ಯ ವಿಷಯಕ್ಕೆ ಬರೋಣ. ಸಾಧನವನ್ನು ಸಿಸ್ಟಮ್‌ಗೆ ಸೇರಿಸುವ ಕ್ರಮ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಸ್ಥೂಲವಾಗಿ ಒಂದೇ ಬಗೆಯದು. ಅದನ್ನು ತುಂಬ ಸ್ಪಷ್ಟವಾಗಿ ತೋರಿಸುವ ಒಂದು ಸಿಸ್ಟಮ್ ಎಂದರೆ ನೆಟ್‌ಬಿಎಸ್‌ಡಿ. 1993ರಿಂದ ಬಳಕೆಯಲ್ಲಿರುವ ಈ ಮುಕ್ತ ತಂತ್ರಾಂಶವನ್ನು ಹಲವು ಬಗೆಯ ಯಂತ್ರಗಳಲ್ಲಿ ಓಡಿಸಬಹುದು. ಹಾಗಾಗಿ ಬಸ್‌ಗಳನ್ನು ಜೋಡಿಸುವ ಚೌಕಟ್ಟನ್ನು ಅದರಲ್ಲಿ ಬಹಳ ಅಚ್ಚುಕಟ್ಟಾಗಿ ಕಟ್ಟಿದ್ದಾರೆ.

ಅದರಲ್ಲಿ ಪ್ರತಿ ಡ್ರೈವರ್‌ಗೂ ಎರಡು ಮುಖ್ಯ ಭಾಗಗಳಿರುತ್ತವೆ. ಒಂದರ ಹೆಸರು ಮ್ಯಾಚ್, ಇನ್ನೊಂದರದು ಅಟ್ಯಾಚ್.

ಮ್ಯಾಚ್ ಎಂದರೆ ನಮ್ಮಲ್ಲಿ ಮದುವೆಗೆ ಮುಂಚೆ ಸಾಲಾವಳಿ ನೋಡುವ ಹಾಗೆ. ಬಸ್ ಹೊಸ ಸಾಧನವೊಂದನ್ನು ಕಂಡಾಗ ಅದರ ಗುರುತಿನ ವಿವರವನ್ನು ಒಂದೊಂದೇ ಡ್ರೈವರ್ ಮುಂದಿಟ್ಟು 'ಇದು ನಿನಗೆ ಹೊಂದುತ್ತದೆಯೇ?' ಎಂದು ಕೇಳುತ್ತದೆ. ಡ್ರೈವರ್ ಒಂದು ಅಂಕ ಹೇಳುತ್ತದೆ. ಸೊನ್ನೆ ಎಂದರೆ ನನ್ನದಲ್ಲ. ಅಂಕ ಹೆಚ್ಚಿದ್ದಷ್ಟೂ ಹೊಂದಾಣಿಕೆ ಹೆಚ್ಚು. ಎಲ್ಲರನ್ನೂ ಕೇಳಿದ ಮೇಲೆ ಹೆಚ್ಚು ಅಂಕ ಕೊಟ್ಟ ಡ್ರೈವರ್‌ಗೆ ಸಾಧನ ಸಿಗುತ್ತದೆ. ಇಲ್ಲಿ ಒಂದು ನಿಯಮವಿದೆ: ಮ್ಯಾಚ್ ಹಂತದಲ್ಲಿ ಯಾವ ಡ್ರೈವರೂ ಸಾಧನದ ಸ್ಥಿತಿಯನ್ನು ಬದಲಿಸುವಂತಿಲ್ಲ. ಜಾತಕ ನೋಡಿದ ಮಾತ್ರಕ್ಕೆ ಸಂಬಂಧ ಆದಂತಲ್ಲ.

ಅಟ್ಯಾಚ್ ಎಂದರೆ ಲಗ್ನ. ಗೆದ್ದ ಡ್ರೈವರ್ ಈಗ ಸಾಧನಕ್ಕೆ ಬೇಕಾದ ಮೆಮೊರಿ ಕಾದಿರಿಸಿ, ಅದನ್ನು ಎಚ್ಚರಿಸಿ, ಕೆಲಸಕ್ಕೆ ಹಚ್ಚುತ್ತದೆ. ಲಿನಕ್ಸ್‌ನಲ್ಲಿ ಈ ಹಂತಕ್ಕೆ 'ಪ್ರೋಬ್' ಎಂದು ಹೆಸರು. 2003ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 2.6ರಿಂದ ಬಸ್, ಸಾಧನ, ಡ್ರೈವರ್ ಮೂರನ್ನೂ ಒಂದೇ ಮಾದರಿಯಲ್ಲಿ ಜೋಡಿಸುವ ಕ್ರಮ ಬಂತು. ಇಂದಿನ ಆಂಡ್ರಾಯ್ಡ್ ಫೋನ್‌ಗಳು ನಿಂತಿರುವುದು ಅದರ ಮೇಲೆಯೇ.

ಅಂಕಗಳ ಪದ್ಧತಿಯಿಂದ ಒಂದು ಅನುಕೂಲವಿದೆ. ಯಾವ ಮೌಸ್‌ಗಾದರೂ ಒಗ್ಗುವ ಸಾಮಾನ್ಯ ಡ್ರೈವರ್ ಕಡಿಮೆ ಅಂಕ ಹೇಳುತ್ತದೆ. ನಿರ್ದಿಷ್ಟ ಕಂಪನಿಯ ನಿರ್ದಿಷ್ಟ ಮಾದರಿಗೆಂದೇ ಬರೆದ ಡ್ರೈವರ್ ಹೆಚ್ಚು ಹೇಳುತ್ತದೆ. ವಿಶೇಷ ಡ್ರೈವರ್ ಇದ್ದರೆ ಅದು ಗೆಲ್ಲುತ್ತದೆ, ಇಲ್ಲದಿದ್ದರೆ ಸಾಮಾನ್ಯ ಡ್ರೈವರ್ ಕೆಲಸ ನಡೆಸುತ್ತದೆ. ಅಂಗಡಿಯಿಂದ ತಂದ ಮೌಸ್ ಸಿಡಿ ಹಾಕದೆಯೇ ಓಡುವುದು ಇದರಿಂದಲೇ. ಹಾಗಾಗಿ 'ಪ್ರತಿ ಸಾಧನಕ್ಕೂ ಡ್ರೈವರ್ ಅಪ್‌ಡೇಟ್ ಮಾಡುವ ಈ ಆ್ಯಪ್ ಹಾಕಿಕೊಳ್ಳಿ' ಎಂದು ಬರುವ ಲಿಂಕ್‌ಗಳನ್ನು ಅನುಮಾನದಿಂದಲೇ ನೋಡಬೇಕು.

ಬಸ್ಸೂ ಒಂದು ಸಾಧನವೇ

ಇಲ್ಲೊಂದು ಸ್ವಾರಸ್ಯವಿದೆ. ಸಾಧನಗಳನ್ನು ಹುಡುಕುವುದು ಬಸ್. ಹಾಗಾದರೆ ಬಸ್ಸನ್ನು ಹುಡುಕುವವರು ಯಾರು?

ಅದನ್ನು ಹುಡುಕುವುದು ಅದರ ಮೇಲಿನ ಬಸ್. ಇಡೀ ಏರ್ಪಾಡು ಒಂದು ವಂಶವೃಕ್ಷದಂತಿದೆ. ಪ್ರತಿ ಬಸ್ ತನ್ನ ಮೇಲಿನವರಿಗೆ ಮಗು, ಕೆಳಗಿನವರಿಗೆ ತಾಯಿ. ಬಸ್‌ನ ಡ್ರೈವರ್ ತಾನು ಅಟ್ಯಾಚ್ ಆಗುವ ಹೊತ್ತಿನಲ್ಲಿ ಮಾಡುವ ಮುಖ್ಯ ಕೆಲಸವೇ ತನ್ನ ಮಕ್ಕಳನ್ನು ಹುಡುಕಿ, ಒಬ್ಬೊಬ್ಬರಿಗೂ ಸಾಲಾವಳಿ ನೋಡುವುದು.

ನೆಟ್‌ಬಿಎಸ್‌ಡಿ ಇರುವ ಸಾಮಾನ್ಯ ಪಿಸಿಗೆ ಪೆನ್‌ಡ್ರೈವ್ ಚುಚ್ಚಿದರೆ ಆಗುವುದನ್ನು ಗಮನಿಸೋಣ. ಎಲ್ಲಕ್ಕೂ ಮೇಲೆ 'ಮೇನ್‌ಬಸ್' ಎಂಬ ಬೇರು. ಇದು ತಂತಿಯ ರೂಪದಲ್ಲಿ ಎಲ್ಲೂ ಇಲ್ಲ, ವೃಕ್ಷಕ್ಕೊಂದು ಆರಂಭ ಬೇಕೆಂದು ತಂತ್ರಾಂಶ ಇಟ್ಟುಕೊಂಡ ಹೆಸರು. ಅದರ ಕೆಳಗೆ ಪಿಸಿಐ ಬಸ್. ಪಿಸಿಐ ಡ್ರೈವರ್ ಮನೆಗಣತಿಗೆ ಬಂದವರಂತೆ ಬಾಗಿಲು ಬಾಗಿಲು ತಟ್ಟುತ್ತದೆ. ಒಂದು ಪಿಸಿಐ ವ್ಯವಸ್ಥೆಯಲ್ಲಿ 256 ಬಸ್‌ಗಳು, ಒಂದೊಂದರಲ್ಲಿ 32 ಸಾಧನಗಳು, ಒಂದೊಂದು ಸಾಧನದಲ್ಲಿ 8 ಕಾರ್ಯಭಾಗಗಳವರೆಗೆ ಇರಲು ಅವಕಾಶವಿದೆ. ಬಾಗಿಲು ತಟ್ಟಿದಾಗ ಒಳಗೆ ಯಾರೂ ಇಲ್ಲದಿದ್ದರೆ ಉತ್ತರವಾಗಿ ಎಲ್ಲ ಬಿಟ್‌ಗಳೂ 1 ಎಂದೇ ಬರುತ್ತವೆ. ಯಾರಾದರೂ ಇದ್ದರೆ ಅವರ ಕಂಪನಿಯ ಸಂಖ್ಯೆ ಬರುತ್ತದೆ. ಇಂಟೆಲ್ ತನಗೆ ಪಡೆದ ಸಂಖ್ಯೆ 8086. ಆ ಕಂಪನಿಯ ಹೆಸರಾಂತ ಪ್ರೊಸೆಸರ್‌ನ ಹೆಸರೂ ಅದೇ.

ಹೀಗೆ ತಟ್ಟುವಾಗ ಒಂದು ಬಾಗಿಲಲ್ಲಿ ಯುಎಸ್‌ಬಿ ನಿಯಂತ್ರಕ ಸಿಗುತ್ತದೆ. ಅದರ ಡ್ರೈವರ್ ಅಟ್ಯಾಚ್ ಆದಾಗ ಅದರ ಕೆಳಗೆ ಯುಎಸ್‌ಬಿ ಬಸ್ ಹುಟ್ಟುತ್ತದೆ. ಅದರ ಕೆಳಗೆ ಮೂಲ ಹಬ್, ಹಬ್‌ನ ಒಂದು ಪೋರ್ಟ್‌ನಲ್ಲಿ ನಮ್ಮ ಪೆನ್‌ಡ್ರೈವ್. ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಸಾಮಾನ್ಯ ಪೆನ್‌ಡ್ರೈವ್ ಒಳಗೊಳಗೆ ಆಡುವುದು ಸ್ಕಸಿ ಎಂಬ ಹಳೆಯ ಡಿಸ್ಕ್ ಭಾಷೆ. ಆದ್ದರಿಂದ ಪೆನ್‌ಡ್ರೈವ್‌ನ ಡ್ರೈವರ್ ತನ್ನ ಕೆಳಗೆ ಒಂದು ಸ್ಕಸಿ ಬಸ್ಸನ್ನೇ ಜೋಡಿಸುತ್ತದೆ. ಡಿಸ್ಕ್ ಕಾಣಿಸಿಕೊಳ್ಳುವುದು ಆ ಬಸ್‌ನ ಕೆಳಗೆ. ಬೆರಳುದ್ದದ ಪೆನ್‌ಡ್ರೈವ್ ತನ್ನೊಂದಿಗೆ ಒಂದು ಬಸ್ಸನ್ನೇ ಕರೆತಂದಂತಾಯಿತು!

ಇಷ್ಟೊಂದು ಪದರ ಏಕೆ ಎನಿಸಬಹುದು. ಇದರ ಲಾಭ ದೊಡ್ಡದು. ಎಲ್ಲಕ್ಕಿಂತ ಕೆಳಗಿರುವ ಡಿಸ್ಕ್ ಡ್ರೈವರ್‌ಗೆ ತಾನು ಯುಎಸ್‌ಬಿ ಮೂಲಕ ಬಂದೆನೋ ಪಿಸಿಐ ಕಾರ್ಡ್ ಮೂಲಕ ಬಂದೆನೋ ಎಂಬ ಚಿಂತೆ ಬೇಕಿಲ್ಲ. ಒಮ್ಮೆ ಬರೆದ ಡ್ರೈವರ್ ಎಲ್ಲ ಕಡೆಯೂ ನಡೆಯುತ್ತದೆ. ನಾಳೆ ಹೊಸ ಬಗೆಯ ಬಸ್ ಬಂದರೆ ಅದೊಂದನ್ನು ವೃಕ್ಷಕ್ಕೆ ಜೋಡಿಸಿದರೆ ಸಾಕು, ಅದರ ಕೆಳಗಿನ ಸಾಧನಗಳ ಡ್ರೈವರ್‌ಗಳನ್ನು ಮೊದಲಿನಿಂದ ಬರೆಯಬೇಕಿಲ್ಲ.

ಯುಎಸ್‌ಬಿ ಚುಚ್ಚಿದಾಗ ನಡೆಯುವ ಮಾತುಕತೆ

ಸಾಧನ ಬಂದಿದೆ ಎಂದು ಯುಎಸ್‌ಬಿಗೆ ಗೊತ್ತಾಗುವುದಾದರೂ ಹೇಗೆ? ಯುಎಸ್‌ಬಿ 2.0ರ ಕೇಬಲ್‌ನಲ್ಲಿ ನಾಲ್ಕು ತಂತಿಗಳಿವೆ. ಎರಡು ವಿದ್ಯುತ್ತಿಗೆ, ಎರಡು ಡೇಟಾಗೆ. ಸಾಧನದೊಳಗಿನ 1.5 ಕಿಲೋಓಮ್‌ನ ಪುಟ್ಟ ರೆಸಿಸ್ಟರ್ ಒಂದು ಡೇಟಾ ತಂತಿಯ ವೋಲ್ಟೇಜನ್ನು ಮೇಲೆತ್ತುತ್ತದೆ. ಇದು ಬಾಗಿಲ ಕರೆಗಂಟೆ ಇದ್ದಂತೆ.

ಕರೆಗಂಟೆ ಕೇಳಿದ ಹಬ್ ಮೇಲಕ್ಕೆ ಸುದ್ದಿ ಮುಟ್ಟಿಸುತ್ತದೆ. ಕಂಪ್ಯೂಟರ್ ಸಾಧನವನ್ನು ರೀಸೆಟ್ ಮಾಡುತ್ತದೆ. ಹೊಸಬರೆಲ್ಲರೂ ಮೊದಲು ವಿಳಾಸ 0ಯಲ್ಲಿ ಉತ್ತರಿಸುತ್ತಾರೆ. ಬಳಿಕ 1ರಿಂದ 127ರೊಳಗಿನ ಒಂದು ವಿಳಾಸ ಸಿಗುತ್ತದೆ. ಆಮೇಲೆ ಕಂಪ್ಯೂಟರ್ 'ನೀನು ಯಾರು?' ಎಂದು ಕೇಳುತ್ತದೆ. ಸಾಧನ 18 ಬೈಟ್‌ಗಳ ಪರಿಚಯ ಪತ್ರ ಕೊಡುತ್ತದೆ. ಅದರಲ್ಲಿ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ ಮುಂತಾದವಿರುತ್ತವೆ. ತಾನು ಕೀಬೋರ್ಡ್ ವರ್ಗವೋ ಸಂಗ್ರಹ ವರ್ಗವೋ ಪ್ರಿಂಟರ್ ವರ್ಗವೋ ಎಂಬುದನ್ನೂ ಸಾಧನವೇ ಹೇಳುತ್ತದೆ. ಸಾಲಾವಳಿ ನೋಡುವುದು ಈ ಪರಿಚಯದ ಆಧಾರದ ಮೇಲೆಯೇ.

ಪರಿಚಯ ಮುಗಿಯುವವರೆಗೆ ಯುಎಸ್‌ಬಿ 2.0 ಸಾಧನ 100 ಮಿಲಿಆ್ಯಂಪ್‌ಗಿಂತ ಹೆಚ್ಚು ವಿದ್ಯುತ್ ಎಳೆಯುವಂತಿಲ್ಲ. ಒಪ್ಪಿಗೆ ಸಿಕ್ಕ ಮೇಲೆ 500ರವರೆಗೆ ಎಳೆಯಬಹುದು. ಈ ಮಾತುಕತೆಗೆ ಸಮಯ ಹಿಡಿಯುವುದರಿಂದ ಸಿಸ್ಟಮ್ ಅದನ್ನು ಹಿನ್ನೆಲೆಯಲ್ಲಿ ನಡೆಸುತ್ತದೆ. ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರುವಾಗಬೇಕಿದ್ದರೆ ಮಾತ್ರ ಎಲ್ಲರೂ ಅದಕ್ಕಾಗಿ ಕಾಯಲೇಬೇಕು.

ಮಾತು ಬಾರದ ಬಸ್‌ಗಳು

ಎಲ್ಲ ಬಸ್‌ಗಳೂ ಹೀಗೆ ಮಾತಾಡುವುದಿಲ್ಲ. ಫೋನಿನೊಳಗಿನ ಐ2ಸಿ ಬಸ್‌ನ ಸಾಧನಗಳು 'ನಾನು ಇಂಥವನು' ಎಂದು ಹೇಳಿಕೊಳ್ಳಲಾರವು. ಸುಮ್ಮನೆ ಬಾಗಿಲು ತಟ್ಟುವುದೂ ಅಪಾಯ, ಏಕೆಂದರೆ ತಪ್ಪು ಸಾಧನಕ್ಕೆ ತಪ್ಪು ಸಂದೇಶ ಹೋಗಬಹುದು.

ಇದಕ್ಕೆ ಪರಿಹಾರ 'ಡಿವೈಸ್ ಟ್ರೀ'. ಯಾವ ಬಸ್‌ನಲ್ಲಿ, ಯಾವ ವಿಳಾಸದಲ್ಲಿ, ಯಾವ ಸಾಧನವಿದೆ ಎಂದು ತಯಾರಕರು ಮುಂಚೆಯೇ ಬರೆದಿಟ್ಟ ಪಟ್ಟಿ ಇದು. ಆಂಡ್ರಾಯ್ಡ್ ಫೋನ್ ಆನ್ ಆದಾಗ ಕರ್ನಲ್ ಈ ಪಟ್ಟಿ ಓದಿ ಸಾಧನಗಳನ್ನು ಒಂದೊಂದಾಗಿ ಜೋಡಿಸುತ್ತದೆ. ಕೆಲವೊಮ್ಮೆ ಟಚ್‌ಸ್ಕ್ರೀನ್‌ನ ಸರದಿ ಬಂದಾಗ ಅದಕ್ಕೆ ವಿದ್ಯುತ್ ಕೊಡುವ ಚಿಪ್ ಇನ್ನೂ ಸಿದ್ಧವಾಗಿರುವುದಿಲ್ಲ. ಆಗ ಡ್ರೈವರ್ 'ಆಮೇಲೆ ಬರುತ್ತೇನೆ' ಎಂದು ಹಿಂದೆ ಸರಿದು ಮತ್ತೆ ಪ್ರಯತ್ನಿಸುತ್ತದೆ.

'ಈ ಫೈಲ್ ಹಾಕಿದರೆ ಯಾವ ಹಳೆಯ ಫೋನಿಗಾದರೂ ಹೊಸ ಆಂಡ್ರಾಯ್ಡ್ ಬರುತ್ತದೆ' ಎಂಬ ಫಾರ್ವರ್ಡ್ ಏಕೆ ಸುಳ್ಳು ಎಂಬುದೂ ಇಲ್ಲೇ ತಿಳಿಯುತ್ತದೆ. ಒಂದು ಮಾದರಿಯ ಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಂದದ ಪಟ್ಟಿ ಹಾಕಿದರೆ ಪರದೆ, ಕ್ಯಾಮೆರಾ ಎಲ್ಲಿವೆ ಎಂದೇ ಕರ್ನಲ್‌ಗೆ ಗೊತ್ತಾಗುವುದಿಲ್ಲ.

ಜಾತಕ ಬರೆದವರು ಯಾರು?

ಇಷ್ಟು ತಿಳಿದ ಮೇಲೆ ಈ ವ್ಯವಸ್ಥೆಯ ದೌರ್ಬಲ್ಯ ನಮಗೇ ಹೊಳೆಯುತ್ತದೆ. ಸಾಲಾವಳಿ ನೋಡುವುದು ಜಾತಕದ ಮೇಲೆ. ಆದರೆ ಆ ಜಾತಕ ಬರೆದುಕೊಂಡು ಬಂದದ್ದು ಸಾಧನವೇ. ಅದು ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಮೂಲ ಯುಎಸ್‌ಬಿಯಲ್ಲಿ ಇರಲಿಲ್ಲ. ಹೊಂದಿಸಿಕೊಡುವುದಷ್ಟೇ ಅದರ ಗುರಿಯಾಗಿತ್ತು.

2014ರ ಆಗಸ್ಟ್‌ನಲ್ಲಿ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು ಇದನ್ನೇ ತೋರಿಸಿದರು. ಅದಕ್ಕೆ 'ಬ್ಯಾಡ್‌ಯುಎಸ್‌ಬಿ' ಎಂದು ಹೆಸರು. ಪೆನ್‌ಡ್ರೈವ್‌ನ ಒಳಗಿನ ನಿಯಂತ್ರಕ ತಂತ್ರಾಂಶವನ್ನು ಬದಲಿಸಿದರೆ, ನೋಡಲು ಪೆನ್‌ಡ್ರೈವ್ ಆಗಿರುವ ವಸ್ತು 'ನಾನು ಕೀಬೋರ್ಡ್' ಎಂದು ಹೇಳಿಕೊಳ್ಳುತ್ತದೆ. ಕಂಪ್ಯೂಟರ್ ನಂಬುತ್ತದೆ, ಕೀಬೋರ್ಡ್ ಡ್ರೈವರ್ ಅಟ್ಯಾಚ್ ಆಗುತ್ತದೆ. ಆಮೇಲೆ ಆ ವಸ್ತು ಒತ್ತುವ ಪ್ರತಿ ಕೀಲಿಯನ್ನೂ ನಾವೇ ಒತ್ತಿದ್ದೇವೆ ಎಂದು ಸಿಸ್ಟಮ್ ಭಾವಿಸುತ್ತದೆ. ಫೈಲ್‌ಗಳಲ್ಲಿ ವೈರಸ್ ಹುಡುಕುವ ಆ್ಯಂಟಿವೈರಸ್‌ಗೆ ಇದು ಸುಲಭವಾಗಿ ಕಾಣುವುದಿಲ್ಲ, ಏಕೆಂದರೆ ಇಲ್ಲಿ ಫೈಲೇ ಇಲ್ಲ.

'ಯಾರೋ ಬೀಳಿಸಿಕೊಂಡ ಪೆನ್‌ಡ್ರೈವನ್ನು ಯಾರು ತಾನೇ ಚುಚ್ಚುತ್ತಾರೆ?' ಎನ್ನಬೇಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಅಲ್ಲಲ್ಲಿ ಬೀಳಿಸಿ ನೋಡಿದ್ದರು. ಕನಿಷ್ಠ ಶೇ. 45ರಷ್ಟನ್ನು ಸಿಕ್ಕವರು ಚುಚ್ಚಿ ಫೈಲ್ ತೆರೆದಿದ್ದರು ಎಂದು 2016ರಲ್ಲಿ ಅವರು ವರದಿ ಮಾಡಿದರು.

ಹಾಗಾದರೆ ಚಾರ್ಜಿಂಗ್ ಪಾಯಿಂಟ್?

ಈಗ ಫಾರ್ವರ್ಡ್‌ಗೆ ಮರಳೋಣ. ಚಾರ್ಜಿಂಗ್ ಪಾಯಿಂಟ್‌ಗೆ ಚುಚ್ಚಿದಾಗ ಸಾಮಾನ್ಯವಾಗಿ ಫೋನೇ ಸಾಧನ. ಆ ಕಡೆ ಕಂಪ್ಯೂಟರ್ ಅಡಗಿದ್ದರೆ ಅದು ಬಸ್‌ನ ಯಜಮಾನ. 'ನೀನು ಯಾರು?' ಎಂದು ಅದು ಕೇಳುತ್ತದೆ, ಜಾತಕ ಕೊಡುವುದು ನಮ್ಮ ಫೋನ್. ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬ ಹಿಡಿತ ಫೋನಿನ ಕೈಯಲ್ಲಿದೆ.

2011ರ ಫೋನ್‌ಗಳು ಕೇಳಿದವರಿಗೆಲ್ಲ 'ನನ್ನಲ್ಲಿ ಫೈಲ್‌ಗಳಿವೆ, ಬನ್ನಿ' ಎನ್ನುವಂತಿದ್ದವು. ಈಗ ಹಾಗಿಲ್ಲ. 2013ರ ಐಒಎಸ್ 7ರಿಂದ ಐಫೋನ್ 'ಈ ಕಂಪ್ಯೂಟರನ್ನು ನಂಬುತ್ತೀರಾ?' ಎಂದು ಕೇಳುತ್ತದೆ. 2015ರ ಆಂಡ್ರಾಯ್ಡ್ 6ರಿಂದ ಫೋನ್ ಮೊದಲಿಗೆ ಬರೀ ಚಾರ್ಜಿಂಗ್ ಸ್ಥಿತಿಯಲ್ಲಿರುತ್ತದೆ. ನಾವು ಒಪ್ಪಿಗೆ ಕೊಡದೆ ಫೈಲ್‌ಗಳು ಹೊರಕ್ಕೆ ಕಾಣುವುದಿಲ್ಲ. 2018ರಲ್ಲಿ ಬಂದ ಐಒಎಸ್ 11.4.1ರಿಂದ ಫೋನ್ ಲಾಕ್ ಆಗಿ ಒಂದು ಗಂಟೆ ಕಳೆದರೆ ಯುಎಸ್‌ಬಿಯ ಡೇಟಾ ದಾರಿಯನ್ನೇ ಮುಚ್ಚುವ ವ್ಯವಸ್ಥೆಯೂ ಇದೆ.

ಇನ್ನು ಗೋಡೆಯ ಸಾಕೆಟ್‌ಗೆ ನಮ್ಮದೇ ಅಡಾಪ್ಟರ್ ಚುಚ್ಚಿದರೆ ಅಲ್ಲಿ ಮಾತುಕತೆಗೆ ಕಂಪ್ಯೂಟರೇ ಇಲ್ಲ. ಹಲವು ಚಾರ್ಜರ್‌ಗಳಲ್ಲಿ ಎರಡು ಡೇಟಾ ತಂತಿಗಳನ್ನು ಒಂದಕ್ಕೊಂದು ಜೋಡಿಸಿಬಿಟ್ಟಿರುತ್ತಾರೆ. ಅದನ್ನು ಕಂಡ ಫೋನ್ 'ಇದು ಬರೀ ಚಾರ್ಜರ್' ಎಂದು ತಿಳಿದುಕೊಳ್ಳುತ್ತದೆ.

ಹಾಗೆಂದು ಕಥೆ ಮುಗಿದಿಲ್ಲ. 2025ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 'ಚಾಯ್ಸ್‌ಜಾಕಿಂಗ್' ಎಂಬ ದಾಳಿಯನ್ನು ತೋರಿಸಿದರು. ಟೈಪ್-ಸಿ ಯುಗದಲ್ಲಿ ಯಾರು ಯಜಮಾನ, ಯಾರು ಸಾಧನ ಎಂಬ ಪಾತ್ರಗಳು ಅದಲುಬದಲಾಗಬಹುದು. ದುಷ್ಟ ಚಾರ್ಜರ್ ಒಮ್ಮೆ ಕೀಬೋರ್ಡ್‌ನ ವೇಷದಲ್ಲಿ ಫೋನಿಗೆ ಅಟ್ಯಾಚ್ ಆಗಿ, ಇನ್ನೊಮ್ಮೆ ಕಂಪ್ಯೂಟರ್‌ನಂತೆ ಅನುಮತಿ ಕೇಳಿ, 'ಹೌದು' ಎಂಬ ಬಟನ್ನನ್ನೂ ತಾನೇ ಒತ್ತುತ್ತದೆ. ಅನುಮತಿ ಕೇಳುವುದೂ ಕೊಡುವುದೂ ಅದೇ. ಹೆಚ್ಚಿನ ಫೋನ್‌ಗಳಲ್ಲಿ ಇದು ನಡೆಯಲು ಪರದೆಯ ಲಾಕ್ ತೆರೆದಿರಬೇಕು. ಈ ಸಂಶೋಧನೆಯ ನಂತರ ಆ್ಯಪಲ್ ಮತ್ತು ಗೂಗಲ್ ತಮ್ಮ ಹೊಸ ಆವೃತ್ತಿಗಳಲ್ಲಿ ಬರೀ ಬಟನ್ ಸಾಲದು, ಪಿನ್ ಅಥವಾ ಬೆರಳಚ್ಚು ಬೇಕು ಎಂಬ ಬದಲಾವಣೆ ತಂದವು. ಬೆರಳಚ್ಚನ್ನು ಯಾವ ಕೀಬೋರ್ಡೂ ಟೈಪ್ ಮಾಡಲಾರದು. ಹಳೆಯ ಆವೃತ್ತಿಯಲ್ಲೇ ಉಳಿದ ಫೋನ್‌ಗಳಿಗೆ ಈ ರಕ್ಷಣೆ ಸಿಗದು.

ಎಳೆದು ತೆಗೆದರೆ?

ಅಟ್ಯಾಚ್‌ಗೆ ಎದುರು ಕ್ರಿಯೆ ಡಿಟ್ಯಾಚ್. ಇಲ್ಲಿ ಕ್ರಮ ತಿರುಗುಮುರುಗು. ಮೊದಲು ಮಕ್ಕಳು, ಆಮೇಲೆ ತಾಯಿ. ಡಿಸ್ಕ್ ಬಿಡುಗಡೆಯಾದ ಮೇಲೆ ಸ್ಕಸಿ ಬಸ್, ಅದಾದ ಮೇಲೆ ಪೆನ್‌ಡ್ರೈವ್. 'ಸೇಫ್ಲಿ ರಿಮೂವ್' ಒತ್ತಿದಾಗ ಆಗುವುದು ಇದೇ. ಯಾವುದಾದರೂ ಫೈಲ್ ತೆರೆದಿದ್ದರೆ ಡ್ರೈವರ್ 'ಈಗ ಆಗದು' ಎನ್ನಬಹುದು. ಆದರೆ ನಾವು ಎಳೆದೇ ತೆಗೆದರೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ಸಾಧನವೇ ಹೋಗಿರುತ್ತದೆ.

'ಸೇಫ್ಲಿ ರಿಮೂವ್ ಮಾಡದಿದ್ದರೆ ಪೆನ್‌ಡ್ರೈವ್ ಸುಟ್ಟುಹೋಗುತ್ತದೆ' ಎಂಬುದು ಸುಳ್ಳು. ಆದರೆ ಬರೆಯುವ ಕೆಲಸ ಬಾಕಿಯಿದ್ದಾಗ ಎಳೆದರೆ ಫೈಲ್ ಹಾಳಾಗಬಹುದು ಎಂಬುದು ನಿಜ. ವಿಂಡೋಸ್ 10ರ 1809 ಆವೃತ್ತಿಯಿಂದ ಬರಹವನ್ನು ಬಾಕಿ ಉಳಿಸಿಕೊಳ್ಳದ ಕ್ರಮವೇ ಮೊದಲ ಆಯ್ಕೆಯಾಗಿದೆ. ಆದರೂ ನಕಲು ನಡೆಯುತ್ತಿರುವಾಗ ತೆಗೆಯಬಾರದು.

ನಾವು ಏನು ಮಾಡಬಹುದು?

ಸಾಧ್ಯವಾದಾಗ ನಮ್ಮದೇ ಅಡಾಪ್ಟರ್ ಒಯ್ದು ಗೋಡೆಯ ಸಾಕೆಟ್ ಬಳಸೋಣ, ಇಲ್ಲವೇ ಪವರ್‌ಬ್ಯಾಂಕ್ ಇಟ್ಟುಕೊಳ್ಳೋಣ. ಸಾರ್ವಜನಿಕ ಯುಎಸ್‌ಬಿ ಪೋರ್ಟ್ ಬಳಸಲೇಬೇಕಾದರೆ ಚಾರ್ಜ್ ಆಗುವಷ್ಟು ಹೊತ್ತು ಪರದೆಯನ್ನು ಲಾಕ್ ಮಾಡಿಡೋಣ. ಬರೀ ಚಾರ್ಜಿಂಗ್‌ಗೆಂದು ಚುಚ್ಚಿದಾಗ 'ನಂಬುತ್ತೀರಾ?', 'ಫೈಲ್ ವರ್ಗಾವಣೆಗೆ ಅನುಮತಿ ಕೊಡುತ್ತೀರಾ?' ಎಂದು ಕೇಳಿದರೆ ಬೇಡ ಎನ್ನೋಣ. ಫೋನಿನ ಅಪ್‌ಡೇಟ್‌ಗಳನ್ನು ಮುಂದೂಡದಿರೋಣ. 'ಯುಎಸ್‌ಬಿ ಡಿಬಗಿಂಗ್' ಆನ್ ಆಗಿದ್ದು, ಏಕೆಂದು ಗೊತ್ತಿಲ್ಲದಿದ್ದರೆ ಆಫ್ ಮಾಡೋಣ. ಎಲ್ಲೋ ಸಿಕ್ಕ ಪೆನ್‌ಡ್ರೈವ್, ಕೇಬಲ್‌ಗಳನ್ನು ಚುಚ್ಚದಿರೋಣ.

ಇದೆಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ಖಾತೆಯಿಂದ ಹಣ ದೋಚುವವರು ನಮ್ಮ ಚಾರ್ಜಿಂಗ್ ಕೇಬಲ್‌ಗಾಗಿ ಕಾಯುತ್ತ ಕೂರುವುದಿಲ್ಲ. ಅವರು ಕರೆ ಮಾಡುತ್ತಾರೆ, ಒಟಿಪಿ ಕೇಳುತ್ತಾರೆ, ಮದುವೆ ಆಮಂತ್ರಣವೆಂದು ಹೇಳಿ ಎಪಿಕೆ ಫೈಲ್ ಕಳಿಸುತ್ತಾರೆ. ಎಪಿಕೆಯನ್ನು ನಾವೇ ಇನ್‌ಸ್ಟಾಲ್ ಮಾಡಿ, ಎಸ್‌ಎಂಎಸ್ ಓದಲು ನಾವೇ ಅನುಮತಿ ಕೊಟ್ಟರೆ ಬಸ್ಸೂ ಬೇಡ, ಕೇಬಲ್ಲೂ ಬೇಡ. ಅಪ್ಪ ಅಮ್ಮನಿಗೆ ಚಾರ್ಜಿಂಗ್ ಪಾಯಿಂಟ್ ತೋರಿಸಿ ಹೆದರಿಸುವಾಗ ಈ ಮಾತು ಮರೆತುಹೋದರೆ ಅವರ ಎಚ್ಚರವನ್ನು ತಪ್ಪು ಬಾಗಿಲಿಗೆ ಕಾವಲಿಟ್ಟಂತೆ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ದೂರು ಕೊಟ್ಟಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಹಳೆಯ ಫಾರ್ವರ್ಡ್ ಬದಲು ಕಳಿಸುವುದಿದ್ದರೆ ಇದನ್ನು ಕಳಿಸಿ:

ಸಾರ್ವಜನಿಕ ಚಾರ್ಜಿಂಗ್ ಪೋರ್ಟ್‌ಗೆ ಚುಚ್ಚಿದ ಮಾತ್ರಕ್ಕೆ ಇಂದಿನ ಫೋನ್ ತನ್ನ ಫೈಲ್‌ಗಳನ್ನು ಬಿಟ್ಟುಕೊಡುವುದಿಲ್ಲ. ಪರದೆ ಲಾಕ್ ಇರಲಿ, ಅನುಮತಿ ಕೇಳಿದರೆ ಬೇಡ ಎನ್ನಿ, ಅಪ್‌ಡೇಟ್ ಮಾಡಿ, ಸಾಧ್ಯವಾದರೆ ನಿಮ್ಮ ಅಡಾಪ್ಟರ್ ಬಳಸಿ. ಸಿಕ್ಕಿದ ಪೆನ್‌ಡ್ರೈವ್ ಚುಚ್ಚಬೇಡಿ. ಗುರುತಿಲ್ಲದವರು ಕಳಿಸಿದ ಎಪಿಕೆ ಫೈಲ್ ತೆರೆಯಲೇಬೇಡಿ. ಮೋಸಹೋದರೆ 1930.